ಮೀನಿನ ತಲೆಯೊಳಗಿನ ಮಾತ್ರೆ

ಸೌದಾಳಿಗೆ ಬೆಕ್ಕಿನ ಮರಿ ಕೊಡಲು ಮನೆಗಳು ಉಳಿದಿರಲಿಲ್ಲ.

ಪಾಣೆಮಂಗಳೂರು ಪೇಟೆಯ ಹಿಂದಿನ ಓಣಿಯಲ್ಲಿ ಅವಳ ಮನೆ. ಓಣಿಯಲ್ಲಿ ಬೇಕು ಎಂದವರಿಗೆಲ್ಲ ಮರಿ ಕೊಟ್ಟಾಗಿತ್ತು. ಬೇಡ ಎಂದವರ ಅಂಗಳದಲ್ಲೂ ಬಿಟ್ಟಾಗಿತ್ತು. ಆರು ವರ್ಷದಲ್ಲಿ ಅವಳ ಬೆಕ್ಕು ಜೀರಾ ಹಾಕಿದ ಮರಿಗಳು ನಲವತ್ತೊಂದು. ದಿನವಿಡೀ ಬೀಡಿ ಕಟ್ಟಿ ಇಪ್ಪತ್ತೈದರ ಕಟ್ಟು ಮಾಡುವವಳಿಗೆ ಎಣಿಕೆ ತಪ್ಪುವುದಿಲ್ಲ.

ಯಾರಿಗೂ ಬೇಡವಾದ ಮರಿಗಳನ್ನು ಓಣಿಯವರು ಸಂಕ ದಾಟಿಸುತ್ತಿದ್ದರು. ಮರಿ ನಡೆಯತೊಡಗಿದ ಮೇಲೆ ಗೋಣಿಚೀಲಕ್ಕೆ ಹಾಕಿ, ನೇತ್ರಾವತಿಯ ಸೇತುವೆ ದಾಟಿ, ಆಚೆ ದಡದಲ್ಲಿ ಮೀನಿನ ವಾಸನೆ ಇರುವಲ್ಲಿ ಬಿಟ್ಟು ಬರುವುದು. ಹೊಳೆ ದಾಟಿದ ಬೆಕ್ಕು ಮನೆಯ ದಾರಿ ಮರೆಯುತ್ತದೆ ಎಂಬ ನಂಬಿಕೆ. ಆಮೇಲೆ ಏನಾಯಿತು ಎಂದು ಯಾರೂ ಹೋಗಿ ನೋಡುವುದಿಲ್ಲ. ನೋಡುವ ಅಗತ್ಯವೂ ಇಲ್ಲ, ಎಲ್ಲರಿಗೂ ಗೊತ್ತು. ಕೆಲವು ಗಾಡಿಯಡಿಗೆ ಹೋಗುತ್ತವೆ, ಕೆಲವು ನಾಯಿಯ ಬಾಯಿಗೆ.

ಜೀರಾವನ್ನು ಮಾತ್ರ ದಾಟಿಸುವ ಹಾಗಿರಲಿಲ್ಲ. ಸೌದಾಳ ಗಂಡ ಮೂಸಬ್ಬನದು ಒಣಮೀನಿನ ವ್ಯಾಪಾರ. ಮನೆಯ ಹಿಂದಿನ ಕೋಣೆಯ ತುಂಬ ಮೂಟೆಗಳು. ಜೀರಾ ಇಲ್ಲದಿದ್ದರೆ ಆ ಕೋಣೆ ಇಲಿಗಳದ್ದು. ನಡುನಡುವೆ ಜೀರಾ ತಾನೂ ಒಂದು ಮೀನು ಎಳೆಯುತ್ತಿತ್ತು. ಅದನ್ನು ಮೂಸಬ್ಬ ಸಂಬಳ ಎನ್ನುತ್ತಿದ್ದ.

ಇಲಿ ಇಲ್ಲದ ಹೊತ್ತಿನಲ್ಲಿ ಜೀರಾ ಚಾವಡಿಯಲ್ಲಿ ಸೌದಾಳ ತಡ್ಪೆಗೆ ಒರಗಿ ಮಲಗುತ್ತಿತ್ತು. ತಡ್ಪೆ ಎಂದರೆ ಬೀಡಿ ಎಲೆ, ಹೊಗೆಸೊಪ್ಪು, ನೂಲು ಇಟ್ಟುಕೊಳ್ಳುವ ಮೊರ. ಅದರ ನೇರ ಮೇಲೆ ಒಂದು ಟ್ಯೂಬ್‌ಲೈಟು. ಬೆಳಗ್ಗೆ ಐದಕ್ಕೆ ಹಾಕಿದರೆ ಅದು ಆರುವುದು ರಾತ್ರಿ ಹತ್ತಕ್ಕೆ.

ಕಳೆದ ವರ್ಷ ಸೌದಾಳಿಗೆ ಒಂದು ಯೋಚನೆ ಹೊಳೆಯಿತು. ಹೆಂಗಸರು ಮಕ್ಕಳಾಗದಂತೆ ತೆಗೆದುಕೊಳ್ಳುವ ಮಾತ್ರೆಯ ಎರಡು ಹಾಳೆ ಅವಳ ಟ್ರಂಕಿನಲ್ಲಿ ಉಳಿದಿದ್ದವು. ಹೆಂಗಸಿಗೆ ನಿಲ್ಲಿಸುವುದು ಬೆಕ್ಕಿಗೆ ನಿಲ್ಲಿಸದೇ ಇರುತ್ತದೆಯೇ? ಅವಳು ಒಂದು ಮಾತ್ರೆ ಪುಡಿ ಮಾಡಿ ಬೂತಾಯಿ ಮೀನಿನ ತಲೆಯೊಳಗೆ ತುಂಬಿಸಿ ಜೀರಾದ ಮುಂದಿಟ್ಟಳು. ಮರೆಯಬಾರದೆಂದು ವಾರದ ಒಂದು ದಿನ ನಿಶ್ಚಯ ಮಾಡಿದಳು: ಕಟ್ಟಿದ ಬೀಡಿ ತೆಗೆದುಕೊಳ್ಳುವ ಕಂಪನಿಯ ಬ್ರಾಂಚಿಗೆ ವಾರದ ಕಡೆಯ ಕಟ್ಟು ಕೊಡುವ ಶನಿವಾರ. ಮಾತ್ರೆಯ ಹಾಳೆ ತಡ್ಪೆಯಲ್ಲಿ ಬೀಡಿ ಎಲೆಯ ಅಡಿಯಲ್ಲಿರುತ್ತಿತ್ತು. ಗಂಡಸರು ಕೈ ಹಾಕದ ಜಾಗ ಆ ಮನೆಯಲ್ಲಿ ಅದೊಂದೇ.

ಮರಿಗಳು ಹುಟ್ಟುವುದು ನಿಂತಿತು. ಮೂರು ತಿಂಗಳಿಗೊಮ್ಮೆ ಗಂಡು ಬೆಕ್ಕುಗಳು ಮಾಡಿನ ಮೇಲೆ ಸೇರಿ ಕೂಗುವುದು ನಿಂತಿತು. ಬೀಡಿ ಬ್ರಾಂಚಿನ ಸಾಲಿನಲ್ಲಿ ನಿಂತಾಗ ಸೌದಾ ಇದನ್ನು ಹೇಳಿದಳು. ಹೇಳದೇ ಇರಲು ಅವಳಿಂದ ಆಗಲಿಲ್ಲ. ತಾನೇ ಕಂಡುಹಿಡಿದ ಉಪಾಯ ಅದು. ಪಕ್ಕದ ಮನೆಯ ರಾಫಿಯಾ ಮೊದಲು ಕಲಿತಳು. ಆಮೇಲೆ ಇನ್ನೂ ನಾಲ್ವರು. ಸೌದಾಳ ಮನೆಯೂ ಸೇರಿ ಆರು ಮನೆಗಳಲ್ಲಿ ಶನಿವಾರ ಬೂತಾಯಿಯ ತಲೆಗೆ ಮಾತ್ರೆ ತುಂಬಿತು.

ಮಾತ್ರೆ ಶುರುವಾದ ಹತ್ತನೇ ತಿಂಗಳಲ್ಲಿ ಜೀರಾದ ಹೊಟ್ಟೆ ಉಬ್ಬಿತು.

ಮಾತ್ರೆ ಸಾಲಲಿಲ್ಲ ಎಂದುಕೊಂಡಳು ಸೌದಾ. ವಾರಕ್ಕೆ ಒಂದಿದ್ದದ್ದನ್ನು ಎರಡು ಮಾಡಿದಳು. ಹೊಟ್ಟೆ ಇನ್ನೂ ಉಬ್ಬಿತು. ಜೀರಾ ಇಲಿಯ ಕೋಣೆಗೆ ಹೋಗುವುದನ್ನು ಬಿಟ್ಟು ಮಂಚದಡಿ ಸೇರಿತು. ನೀರು ಕುಡಿಯಲು ಮಾತ್ರ ಹೊರಗೆ ಬರುತ್ತಿತ್ತು.

ಆ ವಾರ ವಾರಿಜಾಕ್ಷಿ ಸೌದಾಳ ಎರಡು ಆಡುಗಳಿಗೆ ಹುಳದ ಮದ್ದು ಹಾಕಲು ಬಂದಳು. ವಾರಿಜಾಕ್ಷಿ ಪಶು ಸಖಿ. ಸ್ವಸಹಾಯ ಸಂಘದಿಂದ ಬೆಳ್ತಂಗಡಿಯಲ್ಲಿ ತರಬೇತಿ ಪಡೆದು, ಮನೆಮನೆಗೆ ಹೋಗಿ ದನ, ಆಡು, ಕೋಳಿಗಳ ಆರೋಗ್ಯ ನೋಡುವ ಕೆಲಸ ಅವಳದು. ಆಡಿನ ಬಕೆಟಿಗೆ ತಲೆ ಹಾಕಿ ನೀರು ಕುಡಿಯುತ್ತಿದ್ದ ಬೆಕ್ಕನ್ನು ಅವಳು ಸ್ವಲ್ಪ ಹೊತ್ತು ಸುಮ್ಮನೆ ನೋಡಿದಳು.

"ಸೌದಾ, ಇದು ಯಾವಾಗಿಂದ ಹೀಗೆ ನೀರು ಕುಡೀತಾ ಉಂಟು?"

"ಬಸುರಿ ಅಲ್ವಾ ವಾರಿಜಕ್ಕ, ದಾಹ ಆಗ್ತದೆ."

"ಬಸುರಿಗೆ ಹಸಿವೂ ಆಗ್ತದೆ. ಇದು ತಿಂತದಾ?"

ಜೀರಾ ತಿಂದು ನಾಲ್ಕು ದಿನವಾಗಿತ್ತು. ವಾರಿಜಾಕ್ಷಿ ಬೆಕ್ಕನ್ನು ಎತ್ತಿಕೊಂಡು ಬಾಲ ಸರಿಸಿ ನೋಡಿದಳು, ಮೂಸಿದಳು, ಮುಖ ಕಿವುಚಿದಳು.

"ಇದು ಬಸುರಿ ಅಲ್ಲ ಮಾರಾಯ್ತಿ. ಗರ್ಭಕೋಶದಲ್ಲಿ ಕೀವು ತುಂಬಿದೆ. ಇವತ್ತೇ ಆಸ್ಪತ್ರೆಗೆ ಹೋಗುವ. ನಾಳೆ ಅಂದ್ರೆ ನನ್ನನ್ನು ಕರೀಬೇಡ, ಗುಂಡಿ ತೋಡುವವರನ್ನು ಕರಿ."

ಮೂಸಬ್ಬ ಚಾವಡಿಯಲ್ಲೇ ಇದ್ದ. ಬೆಕ್ಕಿಗೆ ಆಸ್ಪತ್ರೆ ಎನ್ನುವುದನ್ನು ಅವನು ಮೊದಲ ಸಲ ಕೇಳುತ್ತಿದ್ದ. ತನ್ನ ಮಂಡಿನೋವಿಗೇ ತಾನು ಡಾಕ್ಟರನ್ನು ನೋಡಿಲ್ಲ ಎಂದ.

"ನಿಮ್ಮ ಮಂಡಿ ಇಲಿ ಹಿಡೀತದಾ ಮೂಸಾಕ?" ಎಂದಳು ವಾರಿಜಾಕ್ಷಿ.

ಮೂಸಬ್ಬ ರಿಕ್ಷಾ ಕರೆಯಲು ಹೋದ.

ಬೀಡಿ ಒಯ್ಯುವ ಬುಟ್ಟಿಯಲ್ಲಿ ಹಳೆಯ ಬಟ್ಟೆ ಹಾಸಿ ಜೀರಾವನ್ನು ಮಲಗಿಸಿದರು. ಮೇಲೆ ಎಲೆ ತುಂಬಿದ್ದ ತಡ್ಪೆಯನ್ನೇ ಮುಚ್ಚಳ ಮಾಡಿದರು. ರಿಕ್ಷಾ ಸೇತುವೆ ಹತ್ತಿದಾಗ ಬುಟ್ಟಿಯೊಳಗಿನಿಂದ ಒಂದು ಕೂಗು ಬಂತು. ನಲವತ್ತೊಂದು ಮರಿಗಳಲ್ಲಿ ಎಷ್ಟು ಈ ದಾರಿಯಲ್ಲಿ ಚೀಲದೊಳಗೆ ಹೋಗಿದ್ದವು ಎಂಬ ಲೆಕ್ಕ ಸೌದಾಳಿಗೆ ನೆನಪಾಯಿತು. ಹತ್ತೊಂಬತ್ತು. ಆಚೆ ದಡದ ಮೀನಿನ ಅಂಗಡಿಯ ಹತ್ತಿರ ಜೀರಾದ ಹಾಗೆಯೇ ಚುಕ್ಕೆಗಳಿದ್ದ ಒಂದು ಬೆಕ್ಕು ಕುಳಿತಿತ್ತು. ಅದಕ್ಕೆ ಒಂದು ಕಣ್ಣು ಇರಲಿಲ್ಲ. ಸೌದಾ ಮುಖ ತಿರುಗಿಸಿದಳು.

ಬಂಟ್ವಾಳದ ಪಶು ಆಸ್ಪತ್ರೆಯಲ್ಲಿ ಡಾಕ್ಟರ್ ಅಶ್ವಿತಾ ಇದ್ದರು. ಮೂಡಬಿದಿರೆಯ ಕಡೆಯವರು, ಮೂವತ್ತು ದಾಟದ ವಯಸ್ಸು. ಅವರು ಜೀರಾದ ವಸಡು ನೋಡಿದರು, ಹೊಟ್ಟೆ ಮುಟ್ಟಿದರು, ಜ್ವರ ನೋಡಿದರು. ಗರ್ಭಕೋಶ ತೆಗೆಯದಿದ್ದರೆ ಇದು ಉಳಿಯುವುದಿಲ್ಲ, ತೆಗೆದರೂ ಉಳಿಯುತ್ತದೆ ಎಂದು ಈಗ ಹೇಳಲು ಬರುವುದಿಲ್ಲ ಎಂದರು. ಕೈ ತೊಳೆಯುತ್ತಲೇ ಕೇಳಿದರು:

"ಇದಕ್ಕೆ ಎಂತ ಮದ್ದು ಕೊಟ್ಟಿದ್ದೀರಿ?"

ಸೌದಾ ಬುಟ್ಟಿಯ ಬಟ್ಟೆ ಸರಿಮಾಡತೊಡಗಿದಳು. ಪಕ್ಕದಲ್ಲಿ ಗಂಡನಿದ್ದ. ಆ ಮಾತ್ರೆಯ ಹೆಸರನ್ನು ಅವಳು ಅವನ ಮುಂದೆ ಒಮ್ಮೆಯೂ ಹೇಳಿದವಳಲ್ಲ, ತಾನೇ ನುಂಗುತ್ತಿದ್ದ ಕಾಲದಲ್ಲೂ.

ಡಾಕ್ಟರ್ ಅವಳ ಕಡೆ ತಿರುಗಿದರು. "ನೀವು ಹೇಳದಿದ್ರೆ ನನಗೆ ಬೈಲಿಕ್ಕೆ ಆಗುವುದಿಲ್ಲ, ಅಷ್ಟೇ. ಆದ್ರೆ ಅರಿವಳಿಕೆ ಕೊಡುವ ಮೊದ್ಲು ನನಗೆ ಗೊತ್ತಾಗ್ಬೇಕು. ಬೆಕ್ಕು ನಿಮ್ಮದು."

ಸೌದಾ ಬುಟ್ಟಿಯ ಮೇಲಿನ ತಡ್ಪೆಯಲ್ಲಿ ಬೀಡಿ ಎಲೆ ಸರಿಸಿ ಮಾತ್ರೆಯ ಹಾಳೆ ತೆಗೆದು ಮೇಜಿನ ಮೇಲಿಟ್ಟಳು. ಎಲ್ಲವನ್ನೂ ಹೇಳಿದಳು. ಶನಿವಾರ, ಬೂತಾಯಿ, ಹತ್ತು ತಿಂಗಳು, ಆಮೇಲೆ ಎರಡೆರಡು.

ಮೂಸಬ್ಬ ಹಾಳೆಯನ್ನು ನೋಡಿದ. ಆಮೇಲೆ ಮೇಲಿನ ಫ್ಯಾನನ್ನು ನೋಡಿದ. "ಇದು ಇನ್ನೂ ನಮ್ಮ ಮನೆಯಲ್ಲಿ ಉಂಟಾ," ಎಂದು ಫ್ಯಾನಿಗೇ ಹೇಳಿದ. ವಾರಿಜಾಕ್ಷಿ ನಗು ತಡೆಯಲು ಕಿಟಕಿಯ ಹತ್ತಿರ ಹೋದಳು. ಡಾಕ್ಟರ್ ನಗಲಿಲ್ಲ. ಜೀರಾವನ್ನು ಎತ್ತಿಕೊಂಡು ಒಳಗೆ ಹೋದರು.

ಒಂದೂವರೆ ಗಂಟೆ ಹಿಡಿಯಿತು. ಹೊರಗೆ ಬೆಂಚಿನ ಮೇಲೆ ಮೂಸಬ್ಬ ತನ್ನ ಸಂಶಯಗಳನ್ನು ಒಂದೊಂದಾಗಿ ಹೊರತೆಗೆದ. ಗರ್ಭಕೋಶ ತೆಗೆದ ಬೆಕ್ಕು ಇಲಿ ಹಿಡಿಯುತ್ತದೆಯೇ? ಬೇಟೆ ಇರುವುದು ಕಣ್ಣು, ಕಿವಿ, ಉಗುರಿನಲ್ಲಿ, ಗರ್ಭಕೋಶದಲ್ಲಲ್ಲ ಎಂದಳು ವಾರಿಜಾಕ್ಷಿ. ಅನ್ನ ಮಾತ್ರ ಸ್ವಲ್ಪ ಕಡಿಮೆ ಹಾಕಬೇಕು, ಇಲ್ಲದಿದ್ದರೆ ಬೊಜ್ಜು ಬರುತ್ತದೆ. ಒಮ್ಮೆಯಾದರೂ ಮರಿ ಹಾಕದೆ ಆಪರೇಷನ್ ಮಾಡಬಾರದಂತೆ? ಅದು ಸುಳ್ಳು, ಮೊದಲ ಬೆದೆಗೆ ಮುಂಚೆಯೇ ಮಾಡಿಸುವುದು ಒಳ್ಳೆಯದು. ಕೊನೆಗೆ, ಸೃಷ್ಟಿ ಕೊಟ್ಟದ್ದನ್ನು ನಾವು ತೆಗೆಯುವುದು ಸರಿಯೇ ಎಂದು ಅವನು ಕೇಳಿದ.

ಅದಕ್ಕೆ ಸೌದಾ ಉತ್ತರ ಕೊಟ್ಟಳು. "ಮರಿಗಳನ್ನು ಚೀಲದಲ್ಲಿ ಹಾಕಿ ಸಂಕ ದಾಟಿಸುವಾಗ ಇದನ್ನು ನಾವು ಕೇಳ್ಲಿಲ್ಲ."

ಮೂಸಬ್ಬ ಎದ್ದು ಒಳಬಾಗಿಲ ಹತ್ತಿರ ಹೋಗಿ ನಿಂತ.

ಜೀರಾ ಉಸಿರಾಡುತ್ತಿದೆ ಎಂದು ಹೇಳಿದ ಮೇಲೆ ಡಾಕ್ಟರ್ ಅಶ್ವಿತಾ ಸೌದಾಳನ್ನು ಒಳಗೆ ಕರೆದರು. ಸ್ಟೀಲಿನ ತಟ್ಟೆಯಲ್ಲಿ ಹೆಬ್ಬೆರಳಿಗಿಂತ ದಪ್ಪದ, ಬೂದು ಬಣ್ಣದ, ಗಂಟುಗಂಟಾದ ಎರಡು ಕೊಳವೆಗಳು ಬಿದ್ದಿದ್ದವು. ಸರಿಯಾದ ಗರ್ಭಕೋಶ ನಿಮ್ಮ ಬೀಡಿಗಿಂತ ಸಪೂರ ಇರುತ್ತದೆ ಎಂದರು ಡಾಕ್ಟರ್. ಕೊಳವೆಗಳ ತುದಿಯಲ್ಲಿ ಅಲಸಂಡೆ ಬೀಜದಷ್ಟು ದೊಡ್ಡ ಎರಡು ಉಂಡೆಗಳಿದ್ದವು. ಅವು ಅಂಡಾಶಯ. ನಲವತ್ತೊಂದು ಮರಿಗಳೂ ಅಲ್ಲಿಂದಲೇ ಹೊರಟದ್ದು.

ಸೌದಾ ಬಗ್ಗಿ ನೋಡಿದಳು. ನಲವತ್ತೊಂದರ ಬಣ್ಣವೂ ಅವಳಿಗೆ ನೆನಪಿತ್ತು. ಒಂದೇ ಸೂಲಿನಲ್ಲಿ ಕಪ್ಪು, ಬಿಳಿ, ಕೇಸರಿ ಹುಟ್ಟಿದ್ದವು. ಅದನ್ನು ಹೇಳಿದಾಗ ಡಾಕ್ಟರ್, ಒಂದೇ ಸೂಲಿನ ಮರಿಗಳಿಗೆ ಬೇರೆ ಬೇರೆ ಅಪ್ಪಂದಿರು ಇರಬಹುದು ಎಂದರು. ಹೇಗೆ ಎಂದು ಸೌದಾ ಕೇಳಿದಳು. ಹೆಂಗಸಿಗೆ ತಿಂಗಳ ಲೆಕ್ಕ ಇದೆ, ಬೆಕ್ಕಿಗೆ ಇಲ್ಲವೇ?

"ನಿಮ್ಮ ಮನೆಯಲ್ಲಿ ದೀಪ ಎಷ್ಟು ಹೊತ್ತು ಉರೀತದೆ?" ಎಂದು ಡಾಕ್ಟರ್ ತಿರುಗಿ ಕೇಳಿದರು.

ಈ ಪ್ರಶ್ನೆ ಯಾಕೆಂದು ಸೌದಾಳಿಗೆ ತಿಳಿಯಲಿಲ್ಲ. ಬೆಳಗ್ಗೆ ಐದರಿಂದ ರಾತ್ರಿ ಹತ್ತು, ಬೀಡಿಗೆ ಬೇಕಲ್ಲ ಎಂದಳು.

"ಬೆಕ್ಕು ಆ ದೀಪದ ಅಡಿಯಲ್ಲೇ ಮಲಗುವುದಾ?"

"ನನ್ನ ತಡ್ಪೆಯ ಹತ್ರವೇ."

"ಹಾಗಾದ್ರೆ ಅದಕ್ಕೆ ವರ್ಷ ಇಡೀ ಬೇಸಿಗೆ."

ಡಾಕ್ಟರ್ ಕುರ್ಚಿ ಎಳೆದು ಕುಳಿತರು. ಬೆಕ್ಕಿನ ದೇಹ ಕಾಲವನ್ನು ಲೆಕ್ಕ ಹಾಕುವುದು ಕಣ್ಣಿಗೆ ಬೀಳುವ ಬೆಳಕಿನಿಂದ ಎಂದು ವಿವರಿಸಿದರು. ಹಗಲು ಉದ್ದವಾಯಿತು ಎಂದು ಕಣ್ಣು ಮೆದುಳಿಗೆ ತಿಳಿಸುತ್ತದೆ. ಮೆದುಳಿನ ಅಡಿಯಲ್ಲಿ ಕೊತ್ತಂಬರಿ ಬೀಜದಷ್ಟು ಒಂದು ಗ್ರಂಥಿ ಇದೆ. ಅದು ರಕ್ತದಲ್ಲಿ ಒಂದು ರಸ ಬಿಡುತ್ತದೆ. ಆ ರಸಕ್ಕೆ ಹಾರ್ಮೋನು ಎನ್ನುತ್ತಾರೆ, ಕಾಗದ ಎಂದುಕೊಂಡರೂ ತಪ್ಪಿಲ್ಲ. ಕಾಗದ ಅಂಡಾಶಯಕ್ಕೆ ತಲುಪುತ್ತದೆ, ಮೊಟ್ಟೆಗಳು ಬಲಿಯುತ್ತವೆ. ಆದರೆ ಬಲಿತ ಮೊಟ್ಟೆ ಹೊರಗೆ ಬರುವುದಿಲ್ಲ. ಕಾಯುತ್ತದೆ. ಗಂಡು ಬೆಕ್ಕು ಕೂಡಿದ ಮೇಲೆಯೇ, ಅದೂ ಕೆಲವೇ ನಿಮಿಷಗಳಲ್ಲಿ, ಮೆದುಳಿನಿಂದ ಎರಡನೇ ಕಾಗದ ಹೊರಡುತ್ತದೆ. ಒಂದೆರಡು ದಿನದಲ್ಲಿ ಮೊಟ್ಟೆಗಳು ಒಟ್ಟಿಗೆ ಬಿಡುಗಡೆಯಾಗುತ್ತವೆ. ಅಷ್ಟರಲ್ಲಿ ಮೂರು ಗಂಡು ಬಂದು ಹೋಗಿದ್ದರೆ ಮೂವರೂ ಅಪ್ಪಂದಿರಾಗಬಹುದು.

"ಅಂದ್ರೆ ಗಂಡು ಬರದಿದ್ರೆ ಮೊಟ್ಟೆ ಬಿಡುವುದೇ ಇಲ್ವಾ?"

"ಹೆಚ್ಚಾಗಿ ಇಲ್ಲ. ಬಲಿತದ್ದು ಕುಗ್ಗಿ ಹೋಗ್ತದೆ. ಕೆಲವು ದಿನ ಕಳೆದು ಮತ್ತೆ ಬಲೀತದೆ. ಒಂದನ್ನೂ ಸುಮ್ಮನೆ ಬಿಡುವುದಿಲ್ಲ."

ಸೌದಾಳ ಬಾಯಿಂದ ಮೆಲ್ಲಗೆ, ದೇವರನ್ನು ಕೊಂಡಾಡುವ ಹಾಗೆ, 'ಸುಬ್‌ಹಾನಲ್ಲಾಹ್' ಎಂದು ಬಂತು. ಆರು ವರ್ಷ ತನ್ನ ತೊಡೆಗೆ ಒರಗಿ ಮಲಗಿದ್ದ ಪ್ರಾಣಿ. ಅದು ನಿದ್ದೆ ಮಾಡುತ್ತಿದೆ ಎಂದು ಅವಳು ತಿಳಿದಿದ್ದಳು. ಅದರೊಳಗೆ ಬೆಳಕನ್ನು ಅಳೆಯುವ ಕೆಲಸ ನಡೆದಿತ್ತು, ಕಾಗದಗಳು ಓಡಾಡಿದ್ದವು, ಮೊಟ್ಟೆಗಳು ಅಪ್ಪಣೆಗೆ ಕಾದಿದ್ದವು. ಅವಳು ಬೀಡಿ ಎಣಿಸುವುದಕ್ಕಿಂತ ನಿಖರವಾಗಿ ಒಂದು ಅಲಸಂಡೆ ಬೀಜ ತನ್ನ ಮೊಟ್ಟೆಗಳನ್ನು ನೋಡಿಕೊಂಡಿತ್ತು. ಇಷ್ಟು ದೊಡ್ಡ ಏರ್ಪಾಡಿನ ಮೇಲೆ ದೀಪದ ಸ್ವಿಚ್ಚು ಒತ್ತುತ್ತಿದ್ದದ್ದು ಅವಳ ಕೈ. ಅವಳು ಆ ಕೈಯನ್ನು ನೋಡಿಕೊಂಡಳು.

"ಹಾಗಾದ್ರೆ ದೀಪ ಬೇಗ ಆರಿಸಿದ್ರೆ ಸಾಕಿತ್ತಾ?"

ಇಲ್ಲ ಎಂದರು ಡಾಕ್ಟರ್. ನಮ್ಮ ಊರಿನಲ್ಲಿ ಚಳಿಗಾಲದ ಹಗಲೂ ಅಷ್ಟೇನು ಚಿಕ್ಕದಲ್ಲ. ಬರೀ ಕತ್ತಲನ್ನು ನಂಬಿ ಕೂರುವ ಹಾಗಿಲ್ಲ.

"ಮತ್ತೆ ಮಾತ್ರೆ? ಅದು ಎಂತ ಮಾಡಿದ್ದು?"

"ಮಾತ್ರೆ ಸುಳ್ಳು ಹೇಳ್ತದೆ. ಹೊಟ್ಟೆಯಲ್ಲಿ ಮರಿ ಉಂಟು ಅಂತ ಮೆದುಳಿಗೆ ಹೇಳ್ತದೆ. ಮೆದುಳು ನಂಬಿ ಕಾಗದ ಬರೆಯುವುದನ್ನು ನಿಲ್ಲಿಸ್ತದೆ. ನಿಮಗೆ ಬೇಕಾದದ್ದು ಅದೇ. ಆದ್ರೆ ಗರ್ಭಕೋಶವೂ ಆ ಸುಳ್ಳನ್ನು ನಂಬ್ತದಲ್ಲ. ಬಾರದ ಮರಿಗೆ ಅದು ಹಾಸಿಗೆ ಹಾಸ್ತಾ ಹೋಗ್ತದೆ. ಹತ್ತು ತಿಂಗಳು ಹಾಸಿದೆ ನೋಡಿ. ದಪ್ಪ ಆಯ್ತು, ಒಳಗೆ ನೀರು ನಿಂತಿತು, ಅದರಲ್ಲಿ ಕ್ರಿಮಿ ಬೆಳೆಯಿತು."

ಮೊಲೆಯಲ್ಲಿ ಗಡ್ಡೆ, ಸಕ್ಕರೆ ಕಾಯಿಲೆ ಕೂಡ ಬರಬಹುದು ಎಂದರು. ಈ ಜಾತಿಯ ಮದ್ದನ್ನು ಡಾಕ್ಟರುಗಳು ಕೆಲವು ಸಲ, ತೂಕ ನೋಡಿ, ಸ್ವಲ್ಪ ದಿನಕ್ಕೆ ಮಾತ್ರ ಬಳಸುವುದುಂಟು. ಮನುಷ್ಯರ ಮಾತ್ರೆಯನ್ನು ಮೂರು ಕಿಲೋದ ಬೆಕ್ಕಿಗೆ ಮನೆಯಲ್ಲಿ ಹಾಕುವುದು ಬೇರೆ. ಹೇಳುತ್ತಾ ಅವರು ಒಂದು ಮಾತು ಸೇರಿಸಿದರು: ಬೆಕ್ಕು ಆಗಲೇ ಬಸುರಿಯಾಗಿದ್ದರೆ ಇನ್ನೂ ಅಪಾಯ. ಹೆರಿಗೆಯ ಹೊತ್ತು ಬಂದರೂ ಮಾತ್ರೆಯ ಸುಳ್ಳು ಮುಗಿಯುವುದಿಲ್ಲ. ನೋವು ಬರುವುದಿಲ್ಲ. ಮರಿಗಳು ಒಳಗೇ ಸಾಯುತ್ತವೆ.

ಸೌದಾ ಮೊಬೈಲು ಕೈಗೆತ್ತಿಕೊಂಡಳು. ಉಳಿದ ಐದು ಮನೆ.

ಅಲ್ಲೇ ನಿಂತು ರಾಫಿಯಾಳಿಗೆ ಫೋನು ಮಾಡಿದಳು. ಮಾತ್ರೆ ನಿಲ್ಲಿಸು, ನಿನ್ನ ಬೆಕ್ಕನ್ನು ಈಗಲೇ ತಾ ಎಂದಳು.

"ನಮ್ಮದು ಮೊನ್ನೆಯೇ ಹೋಯ್ತು ಸೌದಾ. ಹೊಟ್ಟೆ ಇಷ್ಟು ದೊಡ್ಡದಿತ್ತು, ಹೆರಲೇ ಇಲ್ಲ. ನಡುವೆ ಒಂದೆರಡು ವಾರ ಮಾತ್ರೆ ತಪ್ಪಿತ್ತು, ಮತ್ತೆ ಶುರು ಮಾಡುವಾಗಲೇ ಬಸುರಿ ಇತ್ತು ಕಾಣ್ತದೆ. ತೆಂಗಿನ ಬುಡದಲ್ಲಿ ಹುಗಿದೆವು. ನಿನಗೆ ಬೇಸರ ಆಗ್ತದೆ ಅಂತ ಹೇಳಲಿಲ್ಲ."

ಬೈದಿದ್ದರೆ ಸೌದಾಳಿಗೆ ಸುಲಭವಾಗುತ್ತಿತ್ತು. ರಾಫಿಯಾ ಬೈಯಲಿಲ್ಲ. ಜೀರಾ ಹೇಗಿದೆ ಎಂದು ಕೇಳಿದಳು.

ಅಂದು ಮಧ್ಯಾಹ್ನವೇ ಸೌದಾ ವಾರಿಜಾಕ್ಷಿಯ ಜೊತೆ ಉಳಿದ ನಾಲ್ಕು ಮನೆಗಳಿಗೂ ಹೋದಳು. ಉಪಾಯ ಕಲಿಸಿದ ಬಾಯಿಯಲ್ಲೇ ಅದು ತಪ್ಪು ಎಂದು ಹೇಳಿದಳು. ಮಾತ್ರೆಯ ಹಾಳೆಗಳನ್ನು ಕೇಳಿ ತೆಗೆದುಕೊಂಡಳು. ಒಂದು ಮನೆಯವಳು, ನೀನು ಹೇಳಿದ್ದನ್ನೇ ಮಾಡಿದ್ದು, ಈಗ ನೀನೇ ಬಂದು ಹೆದರಿಸುತ್ತೀಯಾ ಎಂದು ಬಾಗಿಲಲ್ಲೇ ನಿಲ್ಲಿಸಿದಳು. ಸೌದಾ ಹೌದು ಎಂದಳು. ಆ ಮನೆಯ ಬೆಕ್ಕೂ ಬುಟ್ಟಿಯಲ್ಲಿ ಸೇತುವೆ ದಾಟಿತು.

ನಾಲ್ಕರಲ್ಲಿ ಮೂರಕ್ಕೆ ಏನೂ ಆಗಿರಲಿಲ್ಲ. ಡಾಕ್ಟರ್ ದಿನ ಕೊಟ್ಟು ಮೂರಕ್ಕೂ ಆಪರೇಷನ್ ಮಾಡಿದರು. ನಾಲ್ಕನೆಯದರ ಗರ್ಭಕೋಶ ಒಳಗೇ ಒಡೆದಿತ್ತು. ಅದು ಆರು ದಿನ ಬದುಕಿತು.

ಜೀರಾ ಹತ್ತು ದಿನ ಬುಟ್ಟಿಯಲ್ಲೇ ಇತ್ತು. ಹೊಲಿಗೆ ನೆಕ್ಕದಂತೆ ಮೂಸಬ್ಬ ರಟ್ಟು ಕತ್ತರಿಸಿ ಅದರ ಕುತ್ತಿಗೆಗೆ ಒಂದು ಕೊಡೆ ಮಾಡಿ ಕಟ್ಟಿದ. ಇಪ್ಪತ್ತೆರಡನೇ ದಿನ ಜೀರಾ ಒಂದು ಹೆಗ್ಗಣವನ್ನು ಎಳೆದು ತಂದು ಅವನ ಚಪ್ಪಲಿಯ ಮೇಲೆ ಇಟ್ಟಿತು. ಅವನು ಅದನ್ನು ಓಣಿಯ ತುದಿಯವರೆಗೆ ಎಲ್ಲರಿಗೂ ತೋರಿಸಿಕೊಂಡು ಬಂದ. ಮರುವಾರ, ತನ್ನ ಅಂಗಡಿಯ ಮಾಡಿನ ಮೇಲೆ ಮಲಗುವ, ಓಣಿಯ ಅರ್ಧ ಮರಿಗಳಿಗೆ ಅಪ್ಪನಾದ ಗಂಡು ಬೆಕ್ಕನ್ನು ಒಣಮೀನಿನ ಆಸೆ ತೋರಿಸಿ ಹಿಡಿದು, ತಾನೇ ರಿಕ್ಷಾ ಮಾಡಿ ಆಸ್ಪತ್ರೆಗೆ ಒಯ್ದ. ಬೆಕ್ಕಿಗೆ ಆಸ್ಪತ್ರೆಯಾ ಎಂದು ರಿಕ್ಷಾದವನು ನಕ್ಕಾಗ, ನಿನ್ನ ರಿಕ್ಷಾ ಇಲಿ ಹಿಡೀತದಾ ಎಂದು ಕೇಳಿದನಂತೆ.

ಸೌದಾ ಈಗಲೂ ಶನಿವಾರ ಬ್ರಾಂಚಿಗೆ ಹೋಗುತ್ತಾಳೆ. ಸಾಲಿನಲ್ಲಿ ಹೊಸಬರು ಸಿಕ್ಕಿದರೆ ತನ್ನ ತಪ್ಪನ್ನು ಮೊದಲಿನಿಂದ ಹೇಳುತ್ತಾಳೆ. ಹೇಳುವಾಗ ಬೆಳಕಿನ ಕತೆ, ಕಾದು ಕೂರುವ ಮೊಟ್ಟೆಯ ಕತೆ ಬಂದರೆ ಅವಳ ಧ್ವನಿ ಈಗಲೂ ತಗ್ಗುತ್ತದೆ. ಕೇಳುವವರು ಬೀಡಿ ಕಟ್ಟು ಕೆಳಗಿಟ್ಟು ಕೇಳುತ್ತಾರೆ.

ಇದನ್ನು ಓದುವ ನಿಮ್ಮ ಮನೆಯಲ್ಲೂ ಒಂದು ಬೆಕ್ಕು ಇರಬಹುದು. ಅದರ ದೇಹ ನಿಮ್ಮ ದೇಹದ ಹಾಗೆ ನಡೆಯುವುದಿಲ್ಲ. ನಿಮ್ಮ ಮಾತ್ರೆ ಅದಕ್ಕೆ ಮದ್ದಲ್ಲ. ಮೀನಿನಲ್ಲಿ, ಹಾಲಿನಲ್ಲಿ, ಅನ್ನದಲ್ಲಿ ಯಾವುದರಲ್ಲೂ ಅದನ್ನು ಹಾಕಬೇಡಿ. ಈಗ ಹಾಕುತ್ತಿದ್ದರೆ ಇಂದೇ ನಿಲ್ಲಿಸಿ, ಹಾಕಿದ್ದನ್ನು ಡಾಕ್ಟರ ಹತ್ತಿರ ಮುಚ್ಚಿಡದೆ ಹೇಳಿ. ಬೆಕ್ಕು ಐದಾರು ತಿಂಗಳಿರುವಾಗಲೇ, ಹೆಣ್ಣಾಗಲಿ ಗಂಡಾಗಲಿ, ಹತ್ತಿರದ ಪಶು ಆಸ್ಪತ್ರೆಯಲ್ಲಿ ಕೇಳಿ ಆಪರೇಷನ್ ಮಾಡಿಸಿ. ಅದು ಹೊಟ್ಟೆ ಉಬ್ಬಿ, ಊಟ ಬಿಟ್ಟು, ನೀರನ್ನೇ ಕುಡಿಯುತ್ತಿದ್ದರೆ ಮರಿಗೆ ಕಾಯಬೇಡಿ. ಬುಟ್ಟಿ ಎತ್ತಿಕೊಳ್ಳಿ. ಯಾರಾದರೂ ಸುಲಭದ ಉಪಾಯ ಹೇಳಿದರೆ, ಅವರು ಎಷ್ಟೇ ಬುದ್ಧಿವಂತರಾಗಿರಲಿ, ಪಶು ಸಖಿಯನ್ನು ಒಂದು ಮಾತು ಕೇಳಿ. ಸೌದಾಳೂ ಬುದ್ಧಿವಂತೆಯೇ.

ಮಾತ್ರೆ ಹಾಕಿದ ಮನೆ ಆರು. ಆರು ಮನೆಯಲ್ಲಿ ಆರು ಬೆಕ್ಕು. ಉಳಿದದ್ದು ನಾಲ್ಕು. ಹೋದದ್ದು ಎರಡು, ಮತ್ತು ತೆಂಗಿನ ಬುಡದಲ್ಲಿ ಹುಗಿದುದರ ಹೊಟ್ಟೆಯಲ್ಲಿದ್ದ ಮರಿಗಳು. ಅವುಗಳನ್ನು ಯಾರೂ ಎಣಿಸಲಿಲ್ಲ.